ಪ್ರೊಸೆಸರಿನ ಮೇಲೊಂದು ಅಗುಳು

ತನಗೆ ದತ್ತವಾದ ವೇಗದಲ್ಲಿ ಸುಖವಾಗಿರಲು ಬಾರದಿರುವುದೇ ಮನುಷ್ಯಕುಲದ ಏಳಿಗೆಗೂ ಅಧೋಗತಿಗೂ ಮೂಲಕಾರಣ. ಈ ಸತ್ಯ ಗೋಚರಿಸಿದ ಹೊತ್ತಿನಲ್ಲಿ ನಾನು ಕೋಲ್ಕತ್ತೆಯ ಬಾಲಿಗಂಜಿನ ನಮ್ಮ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಅಡಿಯಲ್ಲಿ ಅಂಬೆಗಾಲಿಟ್ಟುಕೊಂಡು, ಕಂಪ್ಯೂಟರಿನಿಂದ ಉದುರಿದ ಒಂದು ಸ್ಕ್ರೂ ಹುಡುಕುತ್ತಿದ್ದೆ. ಸ್ಕ್ರೂ ಸಿಕ್ಕಲಿಲ್ಲ. ಯಾವುದೋ ದುರ್ಗಾಪೂಜೆಯ ಹೊತ್ತಿಗೆ ಕಳೆದುಹೋಗಿದ್ದ ನನ್ನ ಬಾಚಣಿಗೆ ಸಿಕ್ಕಿತು. ಅಷ್ಟರಲ್ಲಿ ನನಗೆ ಅದರ ಅಗತ್ಯವೂ ಹೆಚ್ಚು ಉಳಿದಿರಲಿಲ್ಲ.

ನಾನಾಗ ಕೈಹಾಕಿದ್ದ ಓವರ್‌ಕ್ಲಾಕಿಂಗ್ ಎಂದರೆ, ಅರಿಯದ ಪುಣ್ಯವಂತರಿಗಾಗಿ ಹೇಳುತ್ತೇನೆ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರನ್ನು ಅದನ್ನು ಮಾಡಿದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗವಾಗಿ ಓಡಿಸುವುದು. ನಾನು ಇದೇ ಕೆಲಸವನ್ನು ಇಪ್ಪತ್ತೆಂಟು ವರ್ಷದಿಂದ ಗೋಡೆ ಗಡಿಯಾರದ ಮೇಲೆ ಮಾಡುತ್ತ ಬಂದಿದ್ದೇನೆ. ಬಿಬಿಡಿ ಬಾಗಿನ ಬ್ಯಾಂಕಿಗೆ ಲೇಟಾಗಬಾರದೆಂದು ನಮ್ಮನೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟವನು ನಾನು. ಅದು ಮುಂದಿದೆಯೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಹತ್ತು ಕಳೆದೇ ಓದುತ್ತಾರೆ, ಹಾಗಾಗಿ ಇಷ್ಟು ವರ್ಷಗಳಲ್ಲಿ ಯಾರಿಗೂ ಒಂದು ನಿಮಿಷದ ಉಪಕಾರವಾಗಿಲ್ಲ. ಇದರಿಂದ ನಾನು ಏನಾದರೂ ಕಲಿಯಬಹುದಿತ್ತು.

ನಿವೃತ್ತನಾಗಿ ಮೂರು ವರ್ಷವಾಯಿತು. ಕುಂದಾಪುರದ ಬದಿಯವನಾದ ನಾನು ಕೋಲ್ಕತ್ತೆಯಲ್ಲೇ ಉಳಿದೆ. ಯಾಕೆ ಎಂದು ಕೇಳಿದವರಿಗೆಲ್ಲ ಹೇಳುವ ಕಾರಣ, ಕಿಟಕಿಗಳು. ನಿವೃತ್ತರು ಏನಾದರೂ ಹವ್ಯಾಸ ಇಟ್ಟುಕೊಳ್ಳಬೇಕೆಂದು ಬ್ಯಾಂಕಿನ ಬೀಳ್ಕೊಡುಗೆಯಲ್ಲಿ ಯಾರೋ ಭಾಷಣ ಮಾಡಿದ್ದರು. ಭಾಷಣಗಳನ್ನು ನಂಬುವ ಸ್ವಭಾವ ನನ್ನದು. ಕ್ಯಾಮೆರಾ ಕೊಂಡು, ನಮ್ಮ ಪಾಡಾದ ಹಳೆ ಮನೆಗಳ ಹಸಿರು ಪಟ್ಟಿಯ ಕಿಟಕಿಗಳನ್ನು ಹಿಡಿಯತೊಡಗಿದೆ. ಪಾಡಾ ಎಂದರೆ ನಮ್ಮ ಕೇರಿ. ಮಧ್ಯವಯಸ್ಸು ದಾಟಿದ ಗಂಡಸು ಬೀದಿಯಲ್ಲಿ ನಿಂತು ಪರರ ಮನೆ ಕಿಟಕಿಗೆ ಕ್ಯಾಮೆರಾ ಗುರಿಯಿಟ್ಟರೆ ಆ ಮನೆಯವರಿಗೆ ಏನನ್ನಿಸುತ್ತದೆ ಎಂಬುದನ್ನು ಒಂದೆರಡು ಸಲ ಬಂಗಾಳಿಯಲ್ಲಿ ಕೇಳಿ ತಿಳಿದುಕೊಂಡೆ.

ಆ ಚಿತ್ರಗಳಲ್ಲಿ ಒಂದು ಕಿಟಕಿಯೂ ನೆಟ್ಟಗೆ ಬರುತ್ತಿರಲಿಲ್ಲ. ಹಳೆ ಮನೆ ವಾಲಿರುತ್ತಿತ್ತೋ ನಾನು ವಾಲಿರುತ್ತಿದ್ದೆನೋ, ಅದು ಇತ್ಯರ್ಥವಾಗಿಲ್ಲ. ಆದ್ದರಿಂದ ಫೋಟೋ ಎಡಿಟಿಂಗ್ ಎಂದು ನಾನು ಗಂಭೀರವಾಗಿ ಕರೆಯುತ್ತಿದ್ದ ಉದ್ಯೋಗ ಒಟ್ಟಾರೆ ಇಷ್ಟೇ: ಸೊಟ್ಟ ಕಿಟಕಿಗಳನ್ನು ನೆಟ್ಟಗೆ ಮಾಡುವುದು. ನಮ್ಮ ಹಳೆ ಕಂಪ್ಯೂಟರ್ ಒಂದು ಕಿಟಕಿ ನೆಟ್ಟಗೆ ಮಾಡಲು ತೆಗೆದುಕೊಳ್ಳುತ್ತಿದ್ದ ಸಮಯದಲ್ಲಿ ಬಡಗಿಯೊಬ್ಬ ಹೋಗಿ ಅಸಲಿ ಕಿಟಕಿಯನ್ನೇ ನೆಟ್ಟಗೆ ಕೂರಿಸಿ ಬರಬಹುದಿತ್ತು.

ಅದೇ ಕಂಪ್ಯೂಟರಿನಲ್ಲಿ ನನ್ನ ಹೆಂಡತಿ ಜನರನ್ನು ಕೊಲ್ಲುತ್ತಿದ್ದಳು.

ಇದನ್ನು ಸ್ವಲ್ಪ ವಿವರಿಸಬೇಕು. ಅವಳಿಗೆ ಐವತ್ತೆಂಟು. ಸಂಜೆ ದೇವರಿಗೆ ದೀಪ ಹಚ್ಚುವವಳು. ಜಿರಳೆ ಕಂಡರೆ ಹೊಡೆಯಲು ನನ್ನನ್ನು ಕೂಗುವವಳು. ನಮ್ಮ ಒಬ್ಬಳೇ ಮಗಳು ಶಿಲ್ಲಾಂಗಿನ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಅವಳು ಒಂದು ರಜೆಯಲ್ಲಿ ಬಂದಾಗ ಅಮ್ಮನಿಗೆ ಈ ಆಟ ಕಲಿಸಿ ಹೋದಳು. ಅರವತ್ತು ಜೋಡಿಗಳು ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತವೆ, ಅಲ್ಲಿ ಸಿಕ್ಕ ಬಂದೂಕು ಎತ್ತಿಕೊಂಡು ಒಬ್ಬರನ್ನೊಬ್ಬರು ಬೇಟೆಯಾಡುತ್ತವೆ, ಕೊನೆಗೆ ಉಳಿದ ಜೋಡಿ ಗೆದ್ದಂತೆ. ಭಾನುವಾರ ಸಂಜೆ ನಾಲ್ಕಕ್ಕೆ ಮಗಳು ಅಲ್ಲಿಂದ, ಅಮ್ಮ ಇಲ್ಲಿಂದ, ಒಂದು ಜೋಡಿ. ಜೋಡಿಗೊಂದು ಹೆಸರು ಬೇಕಂತೆ. ಹಲಸಿನ ಎಲೆಯಲ್ಲಿ ಬೇಯುವ ನಮ್ಮೂರ ತಿಂಡಿಯ ಹೆಸರು, 'ಕೊಟ್ಟೆ ಕಡುಬು' ಎಂದು, ಇಟ್ಟುಕೊಂಡಿದ್ದರು.

ಆ ಆಟದಲ್ಲಿ ಒಂದು ವ್ಯವಸ್ಥೆ ಇದೆ. ನಾವು ಆಡಿದ ಮಾತು ನಮ್ಮ ಜೋಡಿಗಷ್ಟೇ ಅಲ್ಲ, ಹತ್ತಿರದ ಪೊದೆಯಲ್ಲಿ ಕೂತ ಶತ್ರುವಿಗೂ ಕೇಳುತ್ತದೆ. ಹಿಂದಿಯಲ್ಲಿ ಆಡಿದರೆ ಶತ್ರುವಿಗೆ ತಿಳಿಯುತ್ತದೆ, ಇಂಗ್ಲಿಷಿನಲ್ಲಿ ತಿಳಿಯುತ್ತದೆ, ಬಂಗಾಳಿಯೂ ಅನೇಕರಿಗೆ ತಿಳಿಯುತ್ತದೆ. ಕನ್ನಡ ತಿಳಿಯುವುದಿಲ್ಲ. ಹೀಗಾಗಿ ನಮ್ಮ ಮಗಳು ಕನ್ನಡ ಮಾತಾಡತೊಡಗಿದಳು.

ಇದರ ಮಹತ್ವ ತಿಳಿಯಬೇಕಾದರೆ ನನ್ನ ಒಂದು ಸಾಧನೆಯನ್ನು ಹೇಳಬೇಕು. ಏಳು ವರ್ಷದವಳಿರುವಾಗ ಅವಳು ಶಾಲೆಯ ಬಸ್ಸು ಕಂಡು ಸಂಭ್ರಮದಿಂದ "ಬಸ್ಸು ಬಂದಳು" ಎಂದಳು. ಹಿಂದಿಯಲ್ಲಿ ಬಸ್ಸು ಹೆಣ್ಣು. ಮಗು ಹಿಂದಿಯ ಲೆಕ್ಕದಲ್ಲೇ ಕನ್ನಡ ಆಡಿತ್ತು. ನಾನು ಅಲ್ಲೇ ರಸ್ತೆಯ ಬದಿಯಲ್ಲಿ ನಿಂತು, ಕನ್ನಡದಲ್ಲಿ ನಿರ್ಜೀವ ವಸ್ತುಗಳೆಲ್ಲ ನಪುಂಸಕಲಿಂಗ, ಆದ್ದರಿಂದ 'ಬಸ್ಸು ಬಂತು' ಎಂದು ವಿವರಿಸಿದೆ. ಅಷ್ಟರಲ್ಲಿ ಬಸ್ಸು ಹೋಯಿತು. ಆಮೇಲೂ ಬಿಡಲಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ವಿಭಕ್ತಿ ತಿದ್ದಿದೆ, ಬಹುವಚನ ತಿದ್ದಿದೆ, ಅಕಾರ ಹಕಾರ ತಿದ್ದಿದೆ. ಹತ್ತು ವರ್ಷ ತುಂಬುವ ಹೊತ್ತಿಗೆ ತಿದ್ದಲು ಏನೂ ಉಳಿದಿರಲಿಲ್ಲ, ಅವಳು ನನ್ನೊಂದಿಗೆ ಕನ್ನಡ ಆಡುವುದನ್ನೇ ನಿಲ್ಲಿಸಿದ್ದಳು. 'ಅಪ್ಪಯ್ಯ' ಎಂಬ ಒಂದು ಪದ ಬಿಟ್ಟು ಮಿಕ್ಕದ್ದೆಲ್ಲ ಇಂಗ್ಲಿಷ್. ಈಗಲೂ ಫೋನಿನಲ್ಲಿ ನಾವಿಬ್ಬರೂ ಶಿಲ್ಲಾಂಗಿನ ಚಳಿಯ ಬಗ್ಗೆಯೂ ನನ್ನ ರಕ್ತದೊತ್ತಡದ ಬಗ್ಗೆಯೂ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ, ಪರಸ್ಪರ ವಂದನೆಗಳೊಂದಿಗೆ ಮುಗಿಸುತ್ತೇವೆ.

ಅಂಥವಳು ಭಾನುವಾರ ನಾಲ್ಕರಿಂದ ಐದರವರೆಗೆ ಸ್ಪೀಕರಿನಿಂದ ಕನ್ನಡ ಸುರಿಸುತ್ತಿದ್ದಳು. ಬೆತ್ತದ ಕುರ್ಚಿಯಲ್ಲಿ ಪತ್ರಿಕೆ ಹಿಡಿದು, ಓದುವವನಂತೆ ನಟಿಸುತ್ತ, ನಾನು ಕೇಳುತ್ತಿದ್ದೆ. ಒಂದು ಭಾನುವಾರ ಅಮ್ಮ ಮಗಳು ಒಂದು ಗೋಡೆಯ ಮರೆಯಲ್ಲಿ ಸಂಚು ಹೂಡುತ್ತಿರುವಾಗ ಗೋಡೆಯ ಆಚೆಯಿಂದ ಒಂದು ಗಂಡುದನಿ ಬಹಳ ವಿನಯದಿಂದ ಹೇಳಿತು:

"ಅಕ್ಕಾರ, ನಮಗೂ ಕೇಳಾಕತ್ತೈತ್ರಿ."

ಧಾರವಾಡದ ಕಡೆಯ ಶತ್ರು. ನನ್ನ ಹೆಂಡತಿ ಕ್ಷಣವೂ ತಡಮಾಡದೆ ಪುಸ್ತಕದ ಕನ್ನಡ ಬಿಟ್ಟು ಅಚ್ಚ ಕುಂದಾಪುರ ಕನ್ನಡಕ್ಕೆ ಇಳಿದಳು. ಆಮೇಲೆ ಅದೇ ಅವರ ಸೇನಾಭಾಷೆಯಾಯಿತು. ಬಾಲಿಗಂಜಿನಲ್ಲಿ ಬೆಳೆದ ಹುಡುಗಿ "ಅಮ್ಮ, ಹಾಡಿ ಬದಿಂದ ಒಬ್ಬ ಬತ್ತಾ ಇದ್ದ, ಕಾಣ್" ಎನ್ನುವುದನ್ನು ನಾನು ಈ ಕಿವಿಯಿಂದ ಕೇಳಿದೆ. ಹಾಡಿ ಎಂದರೆ ನಮ್ಮ ಕಡೆ ಕಾಡು. ಅವಳು ಜೀವಮಾನದಲ್ಲಿ ಒಂದು ಹಾಡಿಯ ಹತ್ತಿರ ನಿಂತವಳಲ್ಲ.

ಹಳೆ ಕಂಪ್ಯೂಟರ್ ನನ್ನ ಕಿಟಕಿಗೆ ಹೇಗೋ ಹಾಗೆ ಅವರ ಯುದ್ಧಕ್ಕೂ ಏದುಸಿರು ಬಿಡುತ್ತಿತ್ತು. ಶತ್ರು ಎದುರಿಗೆ ಬಂದ ಗಳಿಗೆಯಲ್ಲೇ ಚಿತ್ರ ಹೆಪ್ಪುಗಟ್ಟುವುದು, ಮತ್ತೆ ಚಲಿಸುವ ಹೊತ್ತಿಗೆ ಇವಳು ಸತ್ತಿರುವುದು, ಮಗಳು ಆ ಕಡೆಯಿಂದ 'ಅಮ್ಮ, ಅಮ್ಮ' ಎಂದು ಕರೆದು ಸುಮ್ಮನಾಗುವುದು, ಇದು ವಾಡಿಕೆಯಾಯಿತು. ಹೊಸ ಕಂಪ್ಯೂಟರ್ ಬೇಕೆಂಬ ವಿಷಯದಲ್ಲಿ ಮದುವೆಯಾದ ಮೇಲೆ ಮೊದಲ ಬಾರಿಗೆ ನಾವಿಬ್ಬರೂ ಒಮ್ಮತಕ್ಕೆ ಬಂದೆವು.

ಯಾವ ಪ್ರೊಸೆಸರ್ ಎಂಬುದರಲ್ಲಿ ಒಮ್ಮತಕ್ಕೆ ಅವಕಾಶವಿರಲಿಲ್ಲ. ಲೋಕದಲ್ಲಿ ಪ್ರೊಸೆಸರ್ ಮಾಡುವವರು ಮುಖ್ಯವಾಗಿ ಇಬ್ಬರು. ಕೋಲ್ಕತ್ತೆಯಲ್ಲಿ ಮನುಷ್ಯರು ಹಿಲ್ಸಾ ಮೀನಿನ ಪಕ್ಷ, ಸೀಗಡಿಯ ಪಕ್ಷ ಎಂದು ಎರಡಾಗಿ, ಆಯಾ ಪಕ್ಷದ ತಂಡಗಳು ಫುಟ್‌ಬಾಲ್ ಆಡುವ ದಿನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ. ಒಂದು ಕಂಪನಿಯ ಭಕ್ತರ ಬಳಿ ಇನ್ನೊಂದರ ಹೆಸರು ಎತ್ತಿದರೆ ಸಾಕು, ಮನೆತನದ ಸುದ್ದಿಗೆ ಬರುತ್ತಾರೆ. ನಾನು ಸಸ್ಯಾಹಾರಿ. ಮಧ್ಯಸ್ಥನಾಗಿ ಎರಡನ್ನೂ ಅಭ್ಯಾಸ ಮಾಡಿದೆ.

ಪ್ರೊಸೆಸರಿನೊಳಗೆ ಕೋರ್ ಎಂಬವು ಇರುತ್ತವೆ. ಅವನ್ನು ನಾನು ಗುಮಾಸ್ತರೆಂದು ಅರ್ಥಮಾಡಿಕೊಂಡೆ. ಆಟಕ್ಕೆ ಬೇಕಾದದ್ದು ನಾಲ್ಕಾರು ಮಂದಿ ಚುರುಕು ಗುಮಾಸ್ತರು. ಫೋಟೋ ಕೆಲಸಕ್ಕೆ ಚುರುಕು ಸ್ವಲ್ಪ ಕಡಿಮೆಯಾದರೂ ತಲೆಗಳು ಹೆಚ್ಚಿರಬೇಕು. ಶಾಖೆ ನಡೆಸಿದ ಅನುಭವದಿಂದ ಹೇಳುವುದಾದರೆ, ಹನ್ನೆರಡು ಗುಮಾಸ್ತರನ್ನು ಒಟ್ಟಿಗೆ ಕೂರಿಸಿದರೆ ಆಗುವುದು ಚಹಾ. ಆದರೂ ವಿಷಯ ಗಹನವಾದ್ದರಿಂದ 'ಮಂಜೂರಾತಿಗಾಗಿ ಟಿಪ್ಪಣಿ' ಎಂಬ ತಲೆಬರಹದಲ್ಲಿ ಏಳು ಪುಟ ಬರೆದು, ಪೀಠಿಕೆ, ತುಲನೆ, ಶಿಫಾರಸು ಎಂದು ವಿಂಗಡಿಸಿ, ಕೊನೆಯಲ್ಲಿ ಸಹಿಗೆ ಜಾಗ ಬಿಟ್ಟು ಹೆಂಡತಿಯ ಮುಂದಿಟ್ಟೆ. ಅವಳು ತೊಗರಿಬೇಳೆ ಆರಿಸುತ್ತಿದ್ದಳು. ಪುಟ ತಿರುವದೆ ಅಂಚಿನಲ್ಲಿ ಒಂದು ಸಾಲು ಬರೆದು ಮರಳಿಸಿದಳು: 'ಯಾವುದಾದರೂ ತನ್ನಿ. ಭಾನುವಾರ ನಾಲ್ಕು ಗಂಟೆಗೆ ನಡೆಯಬೇಕು.'

ಷರತ್ತು ಇದೊಂದೇ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಕಂಪ್ಯೂಟರ್ ಅಂಗಡಿಗಳ ಪೇಟೆಯಾದ ಚಾಂದನಿಯ ಗಲ್ಲಿಯೊಂದರಲ್ಲಿ ಒಬ್ಬ ಅಂಗಡಿಯವನನ್ನು ಹಿಡಿದೆ. ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು. ಸೆಖೆ ಶುರುವಾದರೂ ಕುತ್ತಿಗೆಗೆ ಮಫ್ಲರ್. ನಾನು ಬಂಗಾಳಿಯಲ್ಲಿ ಆರಂಭಿಸಿದೆ. ಇಪ್ಪತ್ತೆಂಟು ವರ್ಷದಿಂದ ಈ ಊರಿನಲ್ಲಿ ನನ್ನ ಬಂಗಾಳಿ ಕೇಳಿದವರೆಲ್ಲ ಎರಡನೆಯ ವಾಕ್ಯಕ್ಕೇ ಕನಿಕರದಿಂದ ಹಿಂದಿಗೆ ಹೊರಳುತ್ತಾರೆ, ಅವನೂ ಹೊರಳಿದ. ನನ್ನ ಏಳು ಪುಟಗಳನ್ನು ಗೌರವದಿಂದ ತೂಗಿ ನೋಡಿ, ಎಂಟು ಕೋರಿನ ಒಂದು ಪ್ರೊಸೆಸರನ್ನು ಕಪಾಟಿನಿಂದ ತೆಗೆದ. ದಾದಾ, ಭಾಭಿಯ ಆಟಕ್ಕೂ ಆಗುತ್ತದೆ, ನಿಮ್ಮ ಕಿಟಕಿಗೂ ಆಗುತ್ತದೆ ಎಂದ. ಹನ್ನೊಂದು ದಿನದ ನನ್ನ ಅಧ್ಯಯನ ಅವನಿಗೆ ಅರ್ಧ ನಿಮಿಷದ ಕೆಲಸವಾಗಿತ್ತು. ಅವನೇ ಎಲ್ಲ ಜೋಡಿಸಿಕೊಟ್ಟ. ಮನೆಗೆ ತಂದೆವು. ಕಿಟಕಿಗಳು ಚಕಚಕನೆ ನೆಟ್ಟಗಾದವು. ದ್ವೀಪದಲ್ಲಿ ಚಿತ್ರ ಹೆಪ್ಪುಗಟ್ಟುವುದು ನಿಂತಿತು. ಮೂರು ಭಾನುವಾರ ಸುಸೂತ್ರವಾಗಿ ಕಳೆದವು. ವಿವೇಕಿಯ ಕತೆ ಇಲ್ಲಿಗೆ ಮುಗಿಯುತ್ತಿತ್ತು.

ನಾಲ್ಕನೆಯ ವಾರ ಮಗಳು ಒಂದು ಪಂದ್ಯಕ್ಕೆ ಕೊಟ್ಟೆ ಕಡುಬಿನ ಹೆಸರು ನೋಂದಾಯಿಸಿದ್ದಾಳೆ ಎಂದು ತಿಳಿಯಿತು. ಭಾನುವಾರ ನಾಲ್ಕಕ್ಕೆ, ಅರವತ್ತರಲ್ಲಿ ಮೊದಲ ಹತ್ತು ಜೋಡಿಗಳು ಮುಂದಿನ ಸುತ್ತಿಗೆ. ನನ್ನ ಹೆಂಡತಿ ಒಗ್ಗರಣೆ ಹಾಕುವಾಗಲೂ ಎಡಗೈ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿ ಅಭ್ಯಾಸ ಮಾಡತೊಡಗಿದಳು. ಫೋನಿನಲ್ಲಿ ಅಮ್ಮ ಮಗಳ ಮಂತ್ರಾಲೋಚನೆ ದಿನಾ ನಡೆಯಿತು, ಎಲ್ಲ ಕುಂದಾಪುರ ಕನ್ನಡದಲ್ಲಿ. ನಾನು ಕುರ್ಚಿಯಿಂದ ಒಂದೆರಡು ಸಲಹೆ ಕೊಟ್ಟೆ. ಯಾರೂ ಅದನ್ನು ದಾಖಲಿಸಿಕೊಳ್ಳಲಿಲ್ಲ.

ಈ ಯುದ್ಧದಲ್ಲಿ ನನ್ನದೂ ಒಂದು ಪಾಲಿರಬೇಕು ಎನ್ನಿಸಿತು. ಬಂದೂಕು ಹಿಡಿಯುವ ಯೋಗ್ಯತೆ ನನಗಿಲ್ಲ. ಒಂದೇ ಬಾರಿ ಆಡಿದಾಗ ವಿಮಾನದಿಂದ ಇಳಿದು ಸಮುದ್ರಕ್ಕೆ ಬಿದ್ದಿದ್ದೆ. ಆದರೆ ವೇಗ ಒದಗಿಸಬಲ್ಲೆ. ಗೆದ್ದ ಮೇಲೆ ಮಗಳು ಅಮ್ಮನನ್ನು ಹೊಗಳಿದಾಗ, ಪತ್ರಿಕೆಯಿಂದ ತಲೆ ಎತ್ತದೆಯೇ, 'ನಾಲ್ಕೂವರೆ ಗಿಗಾಹರ್ಟ್ಸ್ ಇತ್ತಲ್ಲ' ಎಂದು ಹೇಳಬಹುದು. ಆ ವಾಕ್ಯವನ್ನು ಕನ್ನಡದಲ್ಲೇ ಹೇಳುವುದೆಂದು ನಿಶ್ಚಯಿಸಿದ್ದೆ.

ಹೆಚ್ಚು ವೇಗವೆಂದರೆ ಹೆಚ್ಚು ಬಿಸಿ. ಅದಕ್ಕೆ ಪ್ರೊಸೆಸರಿನ ತಲೆಯ ಮೇಲೆ ದೊಡ್ಡ ಕೂಲರ್ ಬೇಕು. ಇವೆರಡರ ನಡುವೆ ಶಾಖ ದಾಟಿಸಲು ಬೂದು ಬಣ್ಣದ ಒಂದು ಪೇಸ್ಟ್ ಹಚ್ಚಬೇಕು. ಗುರುವಾರ ಹೋಗಿ ಎರಡನ್ನೂ ತಂದೆ. ಯಂತ್ರ ಹೊತ್ತು ತನ್ನಿ, ನಾನೇ ಕೂರಿಸಿಕೊಡುತ್ತೇನೆ ಎಂದ ಅಂಗಡಿಯವ. ಬೇಡವೆಂದೆ. ಹಾಗಾದರೆ ಪೇಸ್ಟ್ ಎಷ್ಟು ಹಾಕುತ್ತೀರಿ ಎಂದು ಕೇಳಿದ. ನಾನು ತಡವರಿಸಿದ್ದು ಕಂಡು ಹಿಂದಿಯಲ್ಲಿ, ಒಂದು 'ಚಾವಲ್ ಕಾ ದಾನಾ'ದಷ್ಟು, ಅಷ್ಟೇ, ಎಂದು ಬೆರಳ ತುದಿ ತೋರಿಸಿದ.

ಬ್ಯಾಂಕಿನವನಿಗೆ ಅಂದಾಜಿನಲ್ಲಿ ನಂಬಿಕೆಯಿಲ್ಲ. ಸಹಿ ಸರಿಯೋ ಎಂದು ನೋಡಬೇಕಾದರೆ ಮಾದರಿ ಸಹಿ ಪಕ್ಕದಲ್ಲಿರಬೇಕು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ, ಹೆಂಡತಿ ಗೆಳತಿಯ ಮನೆಗೆ ಹೋದ ಸಮಯ ನೋಡಿ, ಅಡುಗೆಮನೆಗೆ ಹೋದೆ. ಊರಿನಿಂದ ಬರುವವರ ಕೈಯಲ್ಲಿ ತರಿಸುವ ಕೆಂಪು ಕುಚ್ಚಲಕ್ಕಿ ನಮ್ಮದು. ಪಾತ್ರೆಯಲ್ಲಿ ಉಳಿದಿದ್ದ ಅನ್ನದಿಂದ ಒಂದು ಒಳ್ಳೆಯ ಅಗುಳನ್ನು ಆರಿಸಿ, ಚಹಾ ಬಸಿಯಲ್ಲಿಟ್ಟು ತಂದು, ಬಿಚ್ಚಿಟ್ಟ ಕಂಪ್ಯೂಟರಿನ ಪಕ್ಕ ಮಾದರಿಯಾಗಿ ಸ್ಥಾಪಿಸಿದೆ.

ಕುಚ್ಚಲಕ್ಕಿ ಅನ್ನದ ಅಗುಳು ಎಂದರೆ ಏನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮಿಕ್ಕವರು ಒಂದು ಸಣ್ಣ ಹಲಸಿನ ಬೀಜವನ್ನು ನೆನೆದುಕೊಂಡರೆ ಅಂಥ ಅತಿಶಯೋಕ್ತಿಯಾಗದು. ಬೆಂದು, ಉಬ್ಬಿ, ಹೊಟ್ಟೆ ಬಿರಿದು ಮಲಗಿರುತ್ತದೆ. ಭೂತಗನ್ನಡಿ ಹಿಡಿದು, ಅದಕ್ಕೆ ಸರಿಸಮವಾಗಿ, ಉದ್ದಕ್ಕೂ ದಪ್ಪಕ್ಕೂ ಮೋಸವಾಗದ ಹಾಗೆ, ಪ್ರೊಸೆಸರಿನ ಮೇಲೆ ಪೇಸ್ಟ್ ಹಿಂಡಿದೆ. ಕೊಳವೆ ಮುಕ್ಕಾಲು ಖಾಲಿಯಾಯಿತು. ಇಷ್ಟು ಸಣ್ಣ ಕೊಳವೆ ಮಾರುತ್ತಾರಲ್ಲ ಎಂದು ಕಂಪನಿಯ ಬಗ್ಗೆ ಬೇಸರ ಪಟ್ಟುಕೊಂಡೆ. ಕೂಲರನ್ನು ಅದರ ಮೇಲೆ ಒತ್ತಿ ಕೂರಿಸಿ, ಸ್ಕ್ರೂ ಬಿಗಿದೆ. ನಾಲ್ಕು ಸ್ಕ್ರೂಗಳಲ್ಲಿ ಒಂದು ಮೇಜಿನ ಕೆಳಗೆ ಹೋದ ಸಂಗತಿಯನ್ನು ಆಗಲೇ ಹೇಳಿದ್ದೇನೆ. ಮೂರು ಸಾಕೆಂದು ನಿರ್ಣಯಿಸಿದೆ.

ಕಂಪ್ಯೂಟರ್ ಪೂರ್ತಿ ಕಣ್ಣು ಬಿಡುವ ಮೊದಲು ಒಂದು ಗುಂಡಿ ಒತ್ತಿದರೆ ಒಂದು ಪರದೆ ತೆರೆಯುತ್ತದೆ. ಅಲ್ಲಿ ವೇಗ ಏರಿಸಬಹುದು. ಮೊದಲು ಸ್ವಲ್ಪ ಏರಿಸಿ, ನೂರು ಕಿಟಕಿಗಳನ್ನು ಒಟ್ಟಿಗೆ ನೆಟ್ಟಗೆ ಮಾಡಲು ಬಿಟ್ಟೆ. ಮೊದಲು ಐದು ನಿಮಿಷ ಹತ್ತು ಸೆಕೆಂಡ್ ಹಿಡಿಯುತ್ತಿದ್ದದ್ದು ಈಗ ನಾಲ್ಕು ನಿಮಿಷ ಐವತ್ತೆಂಟಕ್ಕೆ ಮುಗಿಯಿತು. ಹನ್ನೆರಡು ಸೆಕೆಂಡ್ ಉಳಿತಾಯ. ಆ ಹನ್ನೆರಡು ಸೆಕೆಂಡನ್ನು ಹೇಗೆ ಬಳಸಬೇಕೆಂದು ಎರಡು ನಿಮಿಷ ಯೋಚಿಸುತ್ತ ಕೂತೆ. ಆಮೇಲೆ ವೇಗವನ್ನು ನಾಲ್ಕೂವರೆ ಗಿಗಾಹರ್ಟ್ಸಿಗೆ ಏರಿಸಿದೆ.

ಪರದೆಯ ಮೂಲೆಯಲ್ಲಿ ಉಷ್ಣಾಂಶ ಎಂಬತ್ತು, ಎಂಬತ್ತೆಂಟು, ತೊಂಬತ್ತೈದು ಎಂದು ಏರಿತು. ಫ್ಯಾನುಗಳು ಹೌರಾ ಸ್ಟೇಷನ್ನಿಗೆ ಗಾಡಿ ಬಂದ ಹಾಗೆ ಮೊರೆದವು. ಪರದೆ ಕಪ್ಪಾಯಿತು. ಮನೆಯಲ್ಲಿ ಎಷ್ಟು ನಿಶ್ಶಬ್ದ ಎಂದರೆ, ಹತ್ತು ನಿಮಿಷ ಮುಂದಿರುವ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು.

ಅಂಗಡಿಯವನಿಗೆ ಫೋನ್ ಮಾಡಿದೆ. ಪೇಸ್ಟ್ ಎಷ್ಟು ಹಾಕಿದಿರಿ ಎಂದು ಕೇಳಿದ. ನೀವು ಹೇಳಿದಷ್ಟೇ, ಒಂದು ಚಾವಲ್ ಕಾ ದಾನಾ, ಅಳತೆಗಿಟ್ಟುಕೊಂಡು ಹಾಕಿದ್ದೇನೆ ಎಂದೆ. ಕೊಳವೆಯಲ್ಲಿ ಎಷ್ಟು ಉಳಿದಿದೆ ಎಂದ. ಹೇಳಿದೆ. ಆಮೇಲೆ, ಇಷ್ಟು ದಿನದಲ್ಲಿ ಮೊದಲ ಬಾರಿಗೆ, ಅವನು ನನ್ನೊಡನೆ ಬಂಗಾಳಿಯಲ್ಲಿ ಮಾತಾಡಿದ.

"ದಾದಾ," ಎಂದ, "ಚಾಲ್, ನಾ ಭಾತ್?"

ಅಕ್ಕಿಯೋ, ಅನ್ನವೋ? ಬಂಗಾಳಿಗೆ ಅಕ್ಕಿ ಬೇರೆ, ಅನ್ನ ಬೇರೆ. ಕನ್ನಡಕ್ಕೂ ಬೇರೆ. ಹಿಂದಿಗೆ ಎರಡೂ ಒಂದೇ ಚಾವಲ್. ಎರಡು ಅನ್ನ ತಿನ್ನುವ ಜಾತಿಗಳು, ರೊಟ್ಟಿ ತಿನ್ನುವವರ ಭಾಷೆಯಲ್ಲಿ ವ್ಯವಹರಿಸಲು ಹೋಗಿ ಈ ಗತಿ. ಅವನ ಮನಸ್ಸಿನಲ್ಲಿದ್ದದ್ದು ಬಂಗಾಳದವರು ಪಾಯಸಕ್ಕೆ ಹಾಕುವ, ಸಾಸಿವೆಗಿಂತ ಒಂದಿಷ್ಟು ಉದ್ದದ ಸಣ್ಣಕ್ಕಿ. ನನ್ನ ಬಸಿಯಲ್ಲಿ ಮಲಗಿದ್ದದ್ದು ಇದು. "ಭಾತ್" ಎಂದು ಒಪ್ಪಿಕೊಂಡೆ. ಅವನು ನಗಲಿಲ್ಲ. ವ್ಯಾಪಾರಿಗಳಲ್ಲಿ ಅಷ್ಟು ಸಂಯಮ ಅಪರೂಪ. ಕೂಲರ್ ತೆಗೆದು, ಒರೆಸಿ, ಹೊಸದಾಗಿ ಹಚ್ಚಿ ಎಂದ. ತೆಗೆಯುವಾಗ ಮೆಲ್ಲಗೆ ತಿರುಚಿ ತೆಗೆಯಬೇಕು ಎಂದೂ ಹೇಳಿದನಂತೆ. ಅಷ್ಟರಲ್ಲಿ ನಾನು ಫೋನ್ ಇಟ್ಟಿದ್ದೆ.

ತಿರುಚುವುದು ನನ್ನ ಪ್ರಕೃತಿಯಲ್ಲೇ ಇಲ್ಲ. ಎರಡೂ ಕೈಯಿಂದ ಕೂಲರನ್ನು ಹಿಡಿದು, ನೆಟ್ಟಗೆ ಮೇಲಕ್ಕೆ ಎಳೆದೆ. ಅಷ್ಟು ಪೇಸ್ಟು ಗೋಂದಿನಂತೆ ಹಿಡಿದಿತ್ತು. ಕೂಲರಿನ ಜೊತೆ ಪ್ರೊಸೆಸರೂ ಬೇರುಸಹಿತ ಕಿತ್ತು ಬಂತು, ಗಾಳಿಯಲ್ಲಿ ಒಂದು ಕ್ಷಣ ನೇತಾಡಿ, ಕಳಚಿಕೊಂಡು, ಬಸಿಯ ಅಂಚಿಗೆ ಬಡಿದು ಮೇಜಿನ ಮೇಲೆ ಬಿತ್ತು. ಅದರ ಅಡಿಯಲ್ಲಿ ಕೂದಲಿನಂಥ ಚಿನ್ನದ ಬಣ್ಣದ ಸೂಜಿಗಳು, ಸಾವಿರಕ್ಕೂ ಮಿಕ್ಕಿ. ಒಂದು ಮೂಲೆಯ ಸೂಜಿಗಳು ಗಾಳಿಗೆ ಬಿದ್ದ ಭತ್ತದ ಪೈರಿನಂತೆ ಮಲಗಿದ್ದವು. ಎಣಿಸಿದೆ, ಹನ್ನೊಂದು. ಇನ್ನೊಮ್ಮೆ ಎಣಿಸಿದರೂ ಹನ್ನೊಂದೇ.

ನಾಳೆ ನಾಲ್ಕಕ್ಕೆ ಪಂದ್ಯ ಎಂಬುದು ಆಗ ನನ್ನ ಅರಿವಿಗೆ ಬಂತು. ನಾಲ್ಕಕ್ಕೆ ಇಲ್ಲಿಂದ ಯಾರೂ ದ್ವೀಪಕ್ಕೆ ಧುಮುಕದಿದ್ದರೆ ಮಗಳು ಅಲ್ಲಿ ಒಬ್ಬಳೇ ಇಳಿಯುತ್ತಾಳೆ. ಕನ್ನಡದಲ್ಲಿ ಕರೆದು, ಉತ್ತರ ಬಾರದೆ, ಸುಮ್ಮನಾಗುತ್ತಾಳೆ. ಅವಳನ್ನು ಒಮ್ಮೆ ಸುಮ್ಮನಾಗಿಸಿದ ಅನುಭವ ನನಗಿತ್ತು. ಆ ಮೌನ ಎಷ್ಟು ವರ್ಷ ಉಳಿಯುತ್ತದೆ ಎಂಬುದೂ ಗೊತ್ತಿತ್ತು.

ಹೆಂಡತಿ ಬಂದಾಗ ಎಲ್ಲವನ್ನೂ ಪೆಟ್ಟಿಗೆಯೊಳಗೆ ಮುಚ್ಚಿಟ್ಟಿದ್ದೆ, ಬಸಿ ಒಂದನ್ನು ಬಿಟ್ಟು.

"ಹ್ವಾಯ್, ಈ ಅಗುಳ್ ಎಂತಕೆ ಇಟ್ಕಂಡದ್?"

ಇರುವೆ ಬರುತ್ತದೋ ಎಂದು ನೋಡುತ್ತಿದ್ದೆ ಎಂದೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಇದಕ್ಕಿಂತ ದುರ್ಬಲವಾದ ಉತ್ತರಗಳನ್ನೂ ಅವಳು ಕೇಳಿದ್ದಾಳೆ. ಬಸಿ ಎತ್ತಿಕೊಂಡು ಹೋದಳು.

ಭಾನುವಾರ ಬೆಳಿಗ್ಗೆ ಎರಡನೆಯ ದೋಸೆಯ ಹೊತ್ತಿಗೆ ತಪ್ಪೊಪ್ಪಿಕೊಂಡೆ. 'ಒಂದು ಸಣ್ಣ ವ್ಯತ್ಯಯವಾಗಿದೆ' ಎಂದು ಆರಂಭಿಸಿದೆ. ಬ್ಯಾಂಕಿನಲ್ಲಿ ಈ ವಾಕ್ಯದಿಂದ ಶುರುವಾದ ಕಾಗದಗಳಿಂದ ಕೆಲವರು ಅಮಾನತಾಗಿದ್ದಾರೆ. ಅವಳು ದೋಸೆ ಕಾವಲಿಯ ಉರಿ ಆರಿಸಿ, ಕೈ ತೊಳೆದು, ಪ್ರೊಸೆಸರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬೈಗುಳಕ್ಕೆ ನಾನು ಸಿದ್ಧನಾಗಿ ನಿಂತಿದ್ದೆ. ಬರಲಿಲ್ಲ. ಅದರ ಬದಲು, ಕಡ್ಡಿ ಹಾಕಿ ಒತ್ತಿ ಬರೆಯುವ ನನ್ನ ಪೆನ್ ಪೆನ್ಸಿಲ್ ಕೇಳಿದಳು. ಅದರೊಳಗಿನ ಕಡ್ಡಿ ತೆಗೆದರೆ ತುದಿಯಲ್ಲಿ ಒಂದು ಸಣ್ಣ ಟೊಳ್ಳು ಉಳಿಯುತ್ತದೆ. ಸೂಜಿಯೊಂದು ಅದರೊಳಗೆ ಸರಿಯಾಗಿ ಕೂರುತ್ತದೆ. ಇದು ನಿನಗೆ ಹೇಗೆ ಗೊತ್ತು ಎಂದೆ. ಮಗಳು ರಾತ್ರಿಯೇ ಫೋನಿನಲ್ಲಿ ಹೇಳಿದ್ದಳಂತೆ. ಅಂದರೆ ಬಸಿ ಎತ್ತಿಕೊಂಡು ಹೋದವಳು ಪೆಟ್ಟಿಗೆಯನ್ನೂ ತೆರೆದು ನೋಡಿದ್ದಳು. ಶಿಲ್ಲಾಂಗಿನವರೆಗೆ ಸುದ್ದಿ ಮುಟ್ಟಿದ ಮೇಲೆ ನಾನು ತಪ್ಪೊಪ್ಪಿಕೊಂಡಿದ್ದೆ.

ಕೈ ಸಹಾಯಕ್ಕೆಂದು ನಾನು ಮುಂದೆ ಬಾಗಿದೆ.

"ನೀವ್ ಸುಮ್ನೆ ಕೂಕಣಿ," ಎಂದಳು. "ಉಸ್ರ್ ಬಿಡುದೂ ಬ್ಯಾಡ."

ಕೂತೆ. ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ನನ್ನ ಔದಾರ್ಯವನ್ನೆಲ್ಲ ಒರೆಸಿ, ಆಮೇಲೆ ಒಂದೊಂದೇ ಸೂಜಿಯನ್ನು ಪೆನ್ಸಿಲಿನ ತುದಿಯಲ್ಲಿ ಹಿಡಿದು ಎಬ್ಬಿಸುತ್ತ ಹೋದಳು. ಒಂದು ಸೂಜಿಯನ್ನು ಒಂದೇ ಸಲಕ್ಕೆ ನೆಟ್ಟಗೆ ಮಾಡಲಿಲ್ಲ. ಸ್ವಲ್ಪ ಎತ್ತಿ, ಬಿಟ್ಟು, ಪಕ್ಕದ್ದಕ್ಕೆ ಹೋಗಿ, ಮತ್ತೆ ಇದಕ್ಕೆ ಬಂದು ಇನ್ನಷ್ಟು. ಒಂದೇ ಸಲ ಎಳೆದರೆ ಮುರಿಯುತ್ತದೆ ಎಂದಳು. ನನಗೆ ಹೇಳಿದಳೋ ಸೂಜಿಗೆ ಹೇಳಿದಳೋ ಎಂದು ನಾನು ಕೇಳಲು ಹೋಗಲಿಲ್ಲ. ಹನ್ನೊಂದಕ್ಕೆ ಎರಡು ಗಂಟೆ ಹಿಡಿಯಿತು.

ಪೇಸ್ಟ್ ಹಚ್ಚಿದವಳೂ ಅವಳೇ. ಡಬ್ಬಿಯಿಂದ ಒಂದು ಹಸಿ ಅಕ್ಕಿ ಕಾಳು ತಂದು ನನ್ನ ಮುಂದಿಟ್ಟಳು. ಕೊಳವೆಯಲ್ಲಿ ಉಳಿದಿದ್ದದ್ದು ಅಷ್ಟೇ ಇತ್ತು, ಸಾಕಾಯಿತು. ಕಾಣೆಯಾದ ಸ್ಕ್ರೂ ಅವಳಿಗೆ ಸೋಫಾದ ಕಾಲಿನ ಬುಡದಲ್ಲಿ ಸಿಕ್ಕಿತು.

ಗುಂಡಿ ಒತ್ತಿದೆವು. ಪರದೆ ಕಪ್ಪು. ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ. ಅಂದರೆ ಮೂರು ನಲವತ್ತು. ಫ್ಯಾನು ತಿರುಗಿತು, ನಿಂತಿತು, ಮತ್ತೆ ತಿರುಗಿತು. ನಾನು ಮನಸ್ಸಿನಲ್ಲೇ ಆನೆಗುಡ್ಡೆಯ ಗಣಪತಿಗೆ ಒಂದು ಹರಕೆ ಹೊತ್ತೆ. ಪರದೆ ಬೆಳಗಿತು. ವೇಗ ಎಷ್ಟಿಡಲಿ ಎಂದು ಕೇಳುವ ಆ ಪುಟ ಮೂಡಿತು. ನನ್ನ ಕೈ ತಾನಾಗಿಯೇ ಮೌಸಿನ ಕಡೆ ಸರಿದಿರಬೇಕು. ಹೆಂಡತಿ ಆ ಕೈಯನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟು, 'ಮೊದಲಿನಂತೆ' ಎಂಬರ್ಥದ ಗುಂಡಿಯನ್ನು ತಾನೇ ಒತ್ತಿದಳು.

ನಾಲ್ಕಕ್ಕೆ ಸರಿಯಾಗಿ ಇಬ್ಬರೂ ಧುಮುಕಿದರು. ನಾನು ಪತ್ರಿಕೆ ಹಿಡಿದೆ. ಮೂವತ್ತೆಂಟು ನಿಮಿಷ ದ್ವೀಪದ ಮೇಲೆ ಕುಂದಾಪುರದ ಕನ್ನಡ ಗುಂಡಿನೊಂದಿಗೆ ಹಾರಾಡಿತು. ಮಗಳು ಒಮ್ಮೆ ಬಾವಿಯ ಹಿಂದೆ ಸಿಕ್ಕಿಬಿದ್ದಳು, ಅಮ್ಮ ಹೋಗಿ ಬಿಡಿಸಿದಳು. ಕೊನೆಗೆ ಸೇತುವೆಯ ಮೇಲೆ ಯಾರೋ ಇಬ್ಬರನ್ನೂ ಒಟ್ಟಿಗೆ ಮುಗಿಸಿದರು. ಅಮ್ಮ ಮಗಳು ಆ ಸೇತುವೆಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಸ್ಪೀಕರಿನಿಂದ, ಅಪ್ಪಯ್ಯ ಅಲ್ಲಿದ್ದಾರಾ ಎಂದು ಕೇಳಿಸಿತು. ಇದ್ದೇನೆ ಎಂದೆ, ಇಂಗ್ಲಿಷಿಗೆ ಸಿದ್ಧನಾಗಿ.

"ಅಪ್ಪಯ್ಯ, ಕಂಪ್ಯೂಟರ್ ಇವತ್ತು ಚಂದ ಓಡ್ದ," ಎಂದಳು. "ನೀವು ಇನ್ನು ಅವನಿಗೆ ಮುಟ್ಟಬೇಡ."

ಮೂರು ತಪ್ಪುಗಳು: ಲಿಂಗ ಒಂದು, ವಿಭಕ್ತಿ ಒಂದು, 'ನೀವು' ಜೊತೆಗೆ 'ಬೇಡ' ಒಂದು. ಮೂರಕ್ಕೂ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಹೆಂಡತಿ ಕುರ್ಚಿ ತಿರುಗಿಸಿ ನನ್ನನ್ನೇ ನೋಡುತ್ತಿದ್ದಳು. ಪೆನ್ಸಿಲ್ ಇನ್ನೂ ಮೇಜಿನ ಮೇಲೆ ಬಿದ್ದಿತ್ತು.

"ಮುಟ್ಟೋದಿಲ್ಲ," ಎಂದೆ.

ಕೊಟ್ಟೆ ಕಡುಬು ಹನ್ನೆರಡನೆಯದಾಯಿತು. ಮುಂದಿನ ಸುತ್ತಿಗೆ ಹೋದದ್ದು ಮೊದಲ ಹತ್ತು ಜೋಡಿಗಳು. ಪ್ರೊಸೆಸರ್ ಈಗ ಕಂಪನಿ ಗೊತ್ತುಮಾಡಿದ ವೇಗದಲ್ಲಿ ಓಡುತ್ತಿದೆ.